ಇನ್ನೊಂದು ತುತ್ತಿನ ಹೌಸಾಬಾಯಿ

“ಆಯೀ, ಹೌಸಾ ಆಜಿ ಪಾಕೀಟಿನ ಮ್ಯಾಲ ಅಷ್ಟು ನಗತಾಳ, ಮನಿಯಾಗ ಯಾಕ ನಗೂದಿಲ್ಲ?”

ಓವಿ ಇದನ್ನು ಕೇಳಿದ್ದು ಬೆಳಗಿನ ಗಡಿಬಿಡಿಯಲ್ಲಿ. ಸ್ವರೂಪಾ ಒಂದು ಕೈಯಲ್ಲಿ ಮಗಳ ಜಡೆ ಹಿಡಿದುಕೊಂಡು ಇನ್ನೊಂದು ಕೈಯಿಂದ ತವೆಯ ಮೇಲಿನ ಚಪಾತಿ ತಿರುವುತ್ತಿದ್ದಳು. ಒಲೆಯ ಕಟ್ಟೆಯ ಮೇಲೆ ಜಾಸವಂದಿ ಮಸಾಲೆಯ ಕೆಂಪು ಪಾಕೀಟು ಬಾಯಿ ತೆರೆದುಕೊಂಡು ಒರಗಿತ್ತು. ಅದರ ಮೇಲೆ ಹಣೆತುಂಬ ಕುಂಕುಮ, ಮೂಗಿಗೆ ನತ್ತು, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಮುಂದಕ್ಕೆ ಚಾಚಿದ ಕೈಯಲ್ಲಿ ಒಂದು ತುತ್ತು ಭಾಕರಿ, ಮುಖದ ತುಂಬ ನಗು. ಕೆಳಗೆ ದಪ್ಪ ಅಕ್ಷರಗಳಲ್ಲಿ ಎರಡೇ ಮಾತು: ಇನ್ನೊಂದು ತುತ್ತು!

“ಪಾಕೀಟಿನ ಮ್ಯಾಲ ಎಲ್ಲಾರೂ ನಗತಾರ,” ಎಂದಳು ಸ್ವರೂಪಾ. “ಬಿಸ್ಕೀಟಿನ ಮ್ಯಾಲಿನ ಕೂಸು ನಗತೈತಿ, ಹಾಲಿನ ಮ್ಯಾಲಿನ ಆಕಳಾನೂ ನಗತೈತಿ. ತಲಿ ಅಲ್ಲಾಡಸಬ್ಯಾಡ.”

“ಆಕಳಾ ಸುಳ್ಳು. ಆಜಿ ಖರೇ ಅದಾಳಲಾ.”

ಇದಕ್ಕೆ ಉತ್ತರ ಹೇಳುವಷ್ಟರಲ್ಲಿ ಚಪಾತಿ ಸೀದಿತು. ಆದರೆ ಸ್ವರೂಪಾಳ ತಲೆಯಲ್ಲಿ ಆ ಪ್ರಶ್ನೆ ಹಾಗೇ ಕೂತುಬಿಟ್ಟಿತು, ಹಲ್ಲಿನ ಸಂದಿಯಲ್ಲಿ ಸಿಕ್ಕ ಮೆಣಸಿನ ಸಿಪ್ಪೆಯ ಹಾಗೆ. ಹಲವು ಸಂಸಾರಗಳಿರುವ ಅದೇ ವಾಡೆಯ ಕೆಳಗಿನ ಕೋಣೆಯಲ್ಲಿ ಹೌಸಾಬಾಯಿ ತೋಡಕರ ಇರುತ್ತಾಳೆ. ಸ್ವರೂಪಾ ಮದುವೆಯಾಗಿ ಮಂಗಳವಾರ ಪೇಟೆಯ ಈ ವಾಡೆಗೆ ಕಾಲಿಟ್ಟಂದಿನಿಂದ ಅವಳನ್ನು ನೋಡಿದ್ದಾಳೆ, ಬಸುರಿಯಲ್ಲಿ ಅವಳ ಕೈಯ ಹುರಿಟ್ಟಿನ ಉಂಡೆ ತಿಂದಿದ್ದಾಳೆ. ಒಮ್ಮೆಯೂ ಅವಳು ನಕ್ಕದ್ದು ನೆನಪಿಗೆ ಬರಲಿಲ್ಲ. ಸಿಡುಕಿಯೂ ಅಲ್ಲ, ಅಳುಬುರುಕಿಯೂ ಅಲ್ಲ. ದೂರದ ಪ್ರಯಾಣ ಮುಗಿಸಿ ಬಸ್ಸಿನಿಂದ ಇಳಿದವರ ಮುಖ ಇರುತ್ತದಲ್ಲ, ಅಂಥದೊಂದು ಮುಖ. ದಿನವೂ ಆಗಷ್ಟೇ ಇಳಿದಂತೆ.

ಬೆಳಗಾದರೆ ಹೌಸಾಬಾಯಿ ಹೊಸ್ತಿಲ ಹೊರಗೆ ಗೋಣಿತಟ್ಟು ಹಾಸಿ ಕಾಲು ನೀಡಿಕೊಂಡು ಕೂರುತ್ತಾಳೆ. ಮೊಳಕಾಲು ಮಡಚಲು ಬರುವುದಿಲ್ಲ. ಓಣಿಯಲ್ಲಿ ಹೋಗುವ ಹಾಲಿನವನು, ಸೊಪ್ಪಿನವಳು, ಶಾಲೆಯ ಹುಡುಗರು ಎಲ್ಲರ ಬಾಯಲ್ಲೂ ಅದೇ ಕೂಗು: “ಹೌಸಾಕ್ಕಾ, ಇನ್ನೊಂದು ತುತ್ತು!” ಅವಳು ಕೈಯೆತ್ತುತ್ತಾಳೆ. ನಮಸ್ಕಾರಕ್ಕೋ ನೊಣ ಓಡಿಸಲಿಕ್ಕೋ ತಿಳಿಯದ ಹಾಗೆ.

ಜಾಸವಂದಿ ಮೊದಲಿಗೆ ಮಸಾಲೆಯೇ ಆಗಿರಲಿಲ್ಲ. ಅದು ಖಟಾವಕರ ಮನೆತನದ ಖಾರ ಕುಟ್ಟುವ ಗಿರಣಿ. ಬೇಸಿಗೆ ಬಂತೆಂದರೆ ಊರಿನ ಹೆಂಗಸರೆಲ್ಲ ಸಂಕೇಶ್ವರಿ ಮೆಣಸಿನಕಾಯಿ, ಹುರಿದ ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ, ಕೆಂಪಗೆ ಕರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೊತ್ತುಕೊಂಡು ಬಂದು ಪಾಳಿ ಹಚ್ಚುತ್ತಿದ್ದರು. ಒಬ್ಬಳ ಖಾರ ಇನ್ನೊಬ್ಬಳದಕ್ಕೆ ಬೆರೆಯಬಾರದೆಂದು ಒರಳಿನ ಮುಂದೆಯೇ ಕಾವಲು ನಿಂತು ಜಗಳವಾಡುವರು. ಬೆರೆತರೆ ಸಂಸಾರವೇ ಬೆರೆಯಿತೆಂಬಂತೆ. ಹೌಸಾಬಾಯಿ ಅಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿದಾಗ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಗಂಡ ಮಾರುಕಟ್ಟೆಯಲ್ಲಿ ಹಮಾಲ.

ನೌಕರಿಗೆ ಹೋಗುವ ಹೆಂಗಸರು ಹೆಚ್ಚಿದರು. “ನಮ್ಮ ಕಡಿಂದ ಆಗೂದಿಲ್ಲ, ನೀವ ಕುಟ್ಟಿ ಕೊಡ್ರಿ” ಎನ್ನತೊಡಗಿದರು. ಹಿರಿಯ ಖಟಾವಕರರು ಬೆಣ್ಣೆಕಾಗದದಲ್ಲಿ ಖಾರ ಕಟ್ಟಿ ಮಾರಿದರು. ಮೇಲೆ ಹೆಸರಿಗೆ ತಕ್ಕಂತೆ ದಾಸವಾಳದ ಚಿತ್ರ, ಮತ್ತು ಅವರ ಗೆಳೆಯ ಹೆಡ್‌ಮಾಸ್ತರರೊಬ್ಬರು ಬರೆದುಕೊಟ್ಟ ಮಾತು: ‘ಶುದ್ಧ, ಸ್ವಚ್ಛ, ಸ್ವಾದಿಷ್ಟ.’ ಆ ಮಾತು ಯಾರಿಗೂ ನೆನಪಿರಲಿಲ್ಲ, ಹೆಡ್‌ಮಾಸ್ತರರ ಹೆಂಡತಿಗೂ. ಮುಂದೆ ರಟ್ಟಿನ ಡಬ್ಬಿ ಬಂತು, ಡಬ್ಬಿಗೆ ಹೌಸಾಬಾಯಿಯ ಫೋಟೋ ಬಂತು, ಫೋಟೋದ ಬೆನ್ನಿಗೆ ‘ಇನ್ನೊಂದು ತುತ್ತು!’ ಬಂತು. ಅಲ್ಲಿಂದ ಗಿರಣಿಯ ನಸೀಬು ತಿರುಗಿತು.

ಕಾಂದಾ-ಲಸೂಣ, ಎಂದರೆ ಉಳ್ಳಾಗಡ್ಡಿ-ಬೆಳ್ಳುಳ್ಳಿ, ಮಸಾಲೆಯ ಹಿಂದೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೆತಕೂಟ, ಗೋಡಾ ಮಸಾಲೆ, ಕೆಂಪು ರಸ್ಸಾದ ಮಸಾಲೆ ಎಲ್ಲ ಸಾಲುಗಟ್ಟಿದವು. ಬಿಸಿನೀರು ಹಾಕಿದರೆ ಝುಣಕವಾಗುವ ಪುಡಿಯೂ ಬಂತು. ಪೇಟೆಯ ಜೈನ ಗಿರಾಕಿಗಳಿಗೆಂದು ಉಳ್ಳಾಗಡ್ಡಿ ಬೆಳ್ಳುಳ್ಳಿ ಎರಡೂ ಇಲ್ಲದ ಕಾಂದಾ-ಲಸೂಣ ಮಸಾಲೆ ಬಂದಾಗ ಓಣಿಯೆಲ್ಲ ನಕ್ಕಿತ್ತು. “ವರನೂ ಇಲ್ಲ, ಕನ್ಯಾನೂ ಇಲ್ಲ, ಲಗ್ನಾ ಮಾತ್ರ ಜೋರ ಆಗೇತಿ,” ಎಂದಿದ್ದಳು ಹೌಸಾಬಾಯಿ, ಮುಖದ ಒಂದು ಗೆರೆಯನ್ನೂ ಸಡಿಲಿಸದೆ.

ಪ್ರತಿಯೊಂದರ ಮೇಲೂ ಅವಳೇ. ಮೊದಲು ಕೆಂಪು-ಕಪ್ಪು ಗೆರೆಗಳಲ್ಲಿ, ಆಮೇಲೆ ಬಣ್ಣದಲ್ಲಿ. ಮಾಸಿದ ಸೀರೆ ಹಸಿರು ಪೈಠಣಿಯಾಯಿತು, ಎಂದೂ ಇಲ್ಲದ ನತ್ತು ಮೂಗಿಗೇರಿತು. ಕಂಪ್ಯೂಟರು ಬಂದ ಮೇಲೆ ಕೆನ್ನೆ ನುಣುಪಾಯಿತು, ಹಲ್ಲು ಬೆಳ್ಳಗಾಯಿತು. ಪಾಕೀಟಿನವಳು ವರ್ಷ ವರ್ಷಕ್ಕೆ ಚಿಕ್ಕವಳಾಗುತ್ತ ಹೋದಳು. ಹೊಸ್ತಿಲ ಮೇಲಿನವಳು ಖಾರವೇ ಒಗ್ಗದೆ ಹಾಲು-ಭಾಕರಿ ಉಣ್ಣುತ್ತಿದ್ದಳು. ದೀಪಾವಳಿಗೆ ಗಿರಣಿಯಿಂದ ಬರುವ ಮಸಾಲೆಯ ಪೆಟ್ಟಿಗೆಯನ್ನು ಬಿಚ್ಚದೆ ವಾಡೆಯವರಿಗೆ ಹಂಚಿಬಿಡುತ್ತಿದ್ದಳು.

ಓವಿ ಕೇಳಿದ ವಾರದಲ್ಲೇ ಖಟಾವಕರರ ಮೊಮ್ಮಗ ಋತುರಾಜ ಸ್ವರೂಪಾಳ ಅಂಗಡಿಗೆ ಬಂದ. ಅಂಗಡಿಯೆಂದರೆ ಅವಳ ಗಂಡ ಸುಹಾಸನ ಫ್ಲೆಕ್ಸ್ ಮುದ್ರಣದ ಅಂಗಡಿ. ಅವನು ಯಂತ್ರ ನೋಡಿಕೊಂಡರೆ ಇವಳು ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುತ್ತಾಳೆ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಕುಸ್ತಿಯ ಪಂದ್ಯ. ಒಂದೇ ಮೀಸೆಯ ಫೋಟೋ ಈ ತಿಂಗಳು ಗುಲಾಬಿ ಹೂವಿನ ನಡುವೆ, ಮುಂದಿನ ತಿಂಗಳು ಚೆಂಡುಹೂವಿನ ನಡುವೆ. ಜಾಸವಂದಿ ಅವರ ದೊಡ್ಡ ಗಿರಾಕಿ.

“ವಹಿನಿ, ಜಾಸವಂದಿಗೆ ಐವತ್ತು ತುಂಬತಾವು,” ಎಂದ ಋತುರಾಜ. “ಚಿಕ್ಕ ಹುಡುಗರ ಸಲುವಾಗಿ ಹೊಸಾ ಮಸಾಲಿ ತರಾಕ್ಹತ್ತೀವಿ. ಖಾರ ಕಡಿಮಿ. ಪಾಕೀಟಿಗೆ ಹೌಸಾ ಆಜೀದ ಹೊಸಾ ಫೋಟೋ ಬೇಕು, ಈಗಿನ ಆಜಿ, ಸುಕ್ಕಾ ಗಿಕ್ಕಾ ಎಲ್ಲಾ ಇರಲಿ. ಒಂದು ಕೂಸಿಗೆ ತುತ್ತು ತಿನ್ನಸಾಕ್ಹತ್ತಿರಬೇಕು. ಮತ್ತ ಅದ ಮಾತು ಆಕಿ ಬಾಯಿಲೆ. ಊರ ತುಂಬ ಬೋರ್ಡು ನಿಮ್ಮ ಕಡೀನ ಮಾಡಸ್ತೀವಿ.”

“ಆಜೀನ್ನ ಕೇಳೀರೇನು?”

“ನಾ ಕೇಳಿದ್ಯಾ. ‘ಮೊಳಕಾಲ ನೋಯತೈತಿ’ ಅಂದ್ಳು. ‘ಕುಂಡ್ರೂದಷ್ಟ ಅಲಾ ಆಜಿ’ ಅಂದ್ಯಾ. ‘ಕುಂತರ ಬಾಯಿ ನೋಯತೈತಿ’ ಅಂದ್ಳು. ನಿಮ್ಮ ಮಾತು ಕೇಳತಾಳ, ನೀವ ಒಂದೀಟ ಹೇಳ್ರಿ.” ಅಷ್ಟರಲ್ಲಿ ಓವಿ ಶಾಲೆಯ ಚೀಲ ಎಳೆದುಕೊಂಡು ಒಳಗೆ ಬಂದಳು. ಋತುರಾಜ ಅವಳನ್ನು ನೋಡಿ ತಲೆ ಓರೆ ಮಾಡಿದ. “ಕೂಸನ್ನ ಹೊರಗ ಯಾಕ ಹುಡಕೂದು? ಇಲ್ಲೇ ಐತಲಾ!”

ಮಗಳ ಮುಖ ಪಾಕೀಟಿನ ಮೇಲೆ. ಸ್ವರೂಪಾಳಿಗೆ ಎದೆಯಲ್ಲಿ ಸಣ್ಣಗೆ ಗೆಜ್ಜೆ ಅಲುಗಿದಂತಾಯಿತು. ಕೂಡಲೇ, ಊರ ತುಂಬ ಬೋರ್ಡು ಎಂಬ ಮಾತೂ ನೆನಪಾಯಿತು. ಮಳೆಗಾಲದಲ್ಲಿ ಫ್ಲೆಕ್ಸಿನ ಅಂಗಡಿಗೆ ಕೆಲಸ ಇರುವುದಿಲ್ಲ. ಕೇಳಿ ನೋಡುತ್ತೇನೆ ಎಂದಳು.

ಸಂಜೆ ಕೆಳಗೆ ಹೋದಾಗ ಹೌಸಾಬಾಯಿ ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸ್ವರೂಪಾ ಬಟ್ಟಲು ತನ್ನ ಕಡೆ ಎಳೆದುಕೊಂಡು ತಾನೇ ತಿಕ್ಕತೊಡಗಿದಳು.

“ಎಣ್ಣಿ ಹಚ್ಚಾಕ ಬಂದಾಕಿ ಸುಮ್ನ ಬಂದಿರೂದಿಲ್ಲ,” ಎಂದಳು ಹೌಸಾಬಾಯಿ. “ಖಟಾವಕರನ ಮೊಮ್ಮಗ ಕಳಿಸ್ಯಾನ ಹೌದಿಲ್ಲೋ?”

“ಹೌದ ಮಾವಶಿ.”

“ಫೋಟೋ ಹೊಡಕೊಳ್ಳಲಿ. ಅದರದೇನ, ಹೊಡದರ ನೋಯೂದಿಲ್ಲ. ಆ ಮಾತು ಮಾತ್ರ ನನ್ನ ಬಾಯಾಗಿಂದ ಬ್ಯಾಡ. ನಗೂದೂ ಬ್ಯಾಡ. ನನಗ ಸಾಕಾಗೇತಿ.”

“ಎರಡ ಮಾತಲಾ ಮಾವಶಿ?”

ಹೌಸಾಬಾಯಿ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು. “ನಮ್ಮವರ ಹತ್ತನೇ ದಿನಾ ನೀ ಬಾಣಂತನಕ್ಕ ತವರಿಗೆ ಹೋಗಿದ್ದಿ. ನಿನಗ ಯಾರೂ ಹೇಳಿಲ್ಲೇನು?”

ಸ್ವರೂಪಾಳಿಗೆ ಯಾರೂ ಹೇಳಿರಲಿಲ್ಲ.

ಪಂಚಗಂಗಾ ಹೊಳೆಯ ಘಾಟಿನಲ್ಲಿ ಹೌಸಾಬಾಯಿಯ ಗಂಡನಿಗೆ ಪಿಂಡ ಇಟ್ಟಿದ್ದರು. ಕಾಗೆ ಬರಲಿಲ್ಲ. ಸತ್ತವನಿಗೆ ಯಾವುದೋ ಆಸೆ ಉಳಿದಿರಬೇಕೆಂದು ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಟ್ಟರು. ನಿನ್ನ ಸೈಕಲ್ಲು ಮಾರುವುದಿಲ್ಲ ಎಂದ ಅಳಿಯ. ಹೌಸಾಳನ್ನು ನಾವು ನೋಡಿಕೊಳ್ಳುತ್ತೇವೆ ಎಂದರು ಮಾರುಕಟ್ಟೆಯ ಹಮಾಲರು. ಕಾಗೆಗಳು ಆಲದ ಕೊಂಬೆಯ ಮೇಲೆ ಕೂತು ಬೇರೆಲ್ಲೋ ನೋಡುತ್ತಿದ್ದವು. ಬಿಸಿಲೇರಿತು, ಜನರಿಗೆ ಹಸಿವಾಯಿತು.

“ಆಗ ಹಿಂದಿಂದ ಒಬ್ಬ ಒದರಿದ, ‘ಏ ಹೌಸಾಕ್ಕಾ, ನಿನ್ನ ಪಾಕೀಟಿನ ಮಾತು ಹೇಳ, ಓಡಿ ಬರತೈತಿ!’ ಬಾಯಿಗೆ ಟಾವೆಲ್ ಹಿಡಕೊಂಡು ನಕ್ಕರು. ಹೇಳು ಹೇಳು ಅಂತ ಹೆಂಗಸರೂ ನೂಕಿದ್ರು. ನಾ ಏನ ಮಾಡ್ಲಿ? ಮನಿಷಾ ಹಸದು ಕುಂತಾನ ಅನಿಸಿತು. ‘ಇನ್ನೊಂದು ತುತ್ತು’ ಅಂದ್ಯಾ.”

“ಮುಂದ?”

“ಬಂತ ನೋಡು ಕಾಗಿ. ಚಪ್ಪಾಳಿ ಹೊಡದ್ರ, ಮಗಳ. ಹತ್ತನೇ ದಿನಾ ಚಪ್ಪಾಳಿ!” ಹೌಸಾಬಾಯಿ ಮೊಳಕಾಲು ಎಳೆದುಕೊಂಡಳು. “ಗಂಡನ ಪಿಂಡದ ಮುಂದನೂ ಖಟಾವಕರನ ಖಾರಾ ಮಾರಿ ಬಂದ್ಯಾ ನಾ.”

ಸ್ವರೂಪಾ ಎಣ್ಣೆಯ ಬಟ್ಟಲು ಮುಚ್ಚಿಟ್ಟು ಎದ್ದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಮಾತು ಬಂತು.

“ನಾ ಒಲ್ಲೆ ಅಂದ್ರ ನಿನ್ನ ಬೋರ್ಡಿನ ಕೆಲಸಾ ಹೋಗತೈತೇನು?”

ಇಲ್ಲ ಎನ್ನಬಹುದಿತ್ತು. ಸ್ವರೂಪಾಳಿಗೆ ಸುಳ್ಳು ತಕ್ಷಣ ಬಾಯಿಗೆ ಬರುವುದಿಲ್ಲ. ಬಾಗಿಲ ಚಿಲಕ ಸವರುತ್ತ ನಿಂತಳು.

“ಸೋಮವಾರ ಬೆಳಿಗ್ಗಿ ರಿಕ್ಷಾ ತರಸು,” ಎಂದಳು ಹೌಸಾಬಾಯಿ. “ನನ್ನ ಕಾಲಿಂದ ನಡಿಯೂದು ಆಗೂದಿಲ್ಲ.”

ಹಳೆಯ ಗಿರಣಿ ಈಗ ಬರಿಯ ಗೋದಾಮು. ಕುಟ್ಟುವ ಯಂತ್ರಗಳೆಲ್ಲ ಊರ ಹೊರಗಿನ ಕಾರಖಾನೆಗೆ ಹೋಗಿವೆ. ಅಂಗಳದ ಬೇವಿನ ಮರ ಮಾತ್ರ ಉಳಿದಿದೆ. ಅದರ ಕೆಳಗೆ ಫೋಟೋಕ್ಕೆಂದು ಮೆಣಸಿನಕಾಯಿಯ ರಾಶಿ ಸುರಿದು, ಬದಿಯಲ್ಲಿ ಒಂದು ಹಳೆಯ ಒರಳನ್ನು ನಿಲ್ಲಿಸಿದ್ದರು. ಬಿಸಿಲಿಗೆ ಘಾಟು ಏಳುತ್ತಿತ್ತು. ಬಣ್ಣ ಹಚ್ಚಲು ಬಂದ ಹುಡುಗಿ ಒಂದೇ ಸಮ ಸೀನುತ್ತಿದ್ದಳು.

ಅವಳು ಕುಂಕುಮದ ಭರಣಿ ತೆರೆದು ಹೌಸಾಬಾಯಿಯ ಬರಿಹಣೆ ನೋಡಿ ಕೈ ತಡೆದಳು. ಸ್ವರೂಪಾ ಋತುರಾಜನ ಕಡೆ ನೋಡಿದಳು.

“ಪಾಕೀಟಿನ ಗುರುತ ಅದ ಅಲಾ ವಹಿನಿ,” ಎಂದು ಅವನು ಕಿವಿ ಕೆರೆದುಕೊಂಡ.

“ಹಚ್ಚು, ಹಚ್ಚು,” ಎಂದಳು ಹೌಸಾಬಾಯಿ. “ನನ್ನ ಗಂಡ ಹ್ವಾದ. ಪಾಕೀಟಿನಾಕೀ ಗಂಡ ಇನ್ನಾ ಗಟ್ಟಿ ಅದಾನ.”

ಮೊದಲು ಅವಳು ಮೆಣಸಿನಕಾಯಿ ಬಿಡಿಸುವ ಫೋಟೋ. ರಾಶಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ಎರಡು ಕಾಯಿ ಹಿಡಿದರೆ ಸಾಕಿತ್ತು. ಆದರೆ ಬೆರಳುಗಳು ತಮ್ಮಷ್ಟಕ್ಕೆ ತಾವು ಓಡತೊಡಗಿದವು. ತೊಟ್ಟು ಹಿಡಿದು ಒಂದು ತಿರುವು, ಕಾಯಿ ಈ ಕಡೆ, ತೊಟ್ಟು ಆ ಕಡೆ. ಫೋಟೋದವನು ಮುಗಿಯಿತೆಂದ ಮೇಲೂ ಅವಳು ನಿಲ್ಲಿಸಲಿಲ್ಲ. ಅವಳ ಮುಖ ಅಷ್ಟು ಹಗುರಾದದ್ದನ್ನು ಸ್ವರೂಪಾ ನೋಡಿರಲಿಲ್ಲ. ನೋಡುತ್ತ ನಿಂತ ಅವಳಿಗೆ ಬೇರೇನೂ ಹೊಳೆಯಲಿಲ್ಲ.

ಆಮೇಲೆ ಓವಿಯನ್ನು ಎದುರಿಗೆ ಕೂರಿಸಿದರು. ತಟ್ಟೆಯಲ್ಲಿ ಭಾಕರಿ, ಮೇಲೆ ತುಪ್ಪ. ಹೌಸಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ತುತ್ತು ಮುರಿದಳು. ಓವಿಗೆ ಜನರನ್ನು ನೋಡಿ ನಾಚಿಕೆ, ತುಟಿ ಬಿಗಿಹಿಡಿದು ಕೂತಳು.

“ಆಜಿ, ನಗ್ರಿ. ಮಾತು ಹೇಳ್ರಿ,” ಎಂದ ಋತುರಾಜ.

ಹೌಸಾಬಾಯಿ ತುಟಿ ಅಗಲಿಸಿದಳು. ಅದು ಹಲ್ಲು ನೋಡಲು ಬಂದ ಡಾಕ್ಟರಿಗೆ ಬಾಯಿ ತೆರೆದು ತೋರಿಸಿದ ಹಾಗಿತ್ತು. ಫೋಟೋದವನು ಮುಖ ಸಿಂಡರಿಸಿದ. “ಇನ್ನೊಮ್ಮೆ ಆಜಿ. ಕೂಸ, ಬಾಯಿ ತೆಗೀವಾ.” ಓವಿ ಇನ್ನೂ ಬಿಗಿದಳು. ಮತ್ತೊಮ್ಮೆ, ಇನ್ನೊಮ್ಮೆ. ಬಿಸಿಲು ಮರದ ಸಂದಿಯಿಂದ ನೆತ್ತಿಗೇ ಬಂತು. ಸ್ವರೂಪಾಳಿಗೆ ಸಾಕು ಬಿಡ್ರಿ ಎನ್ನಬೇಕೆನಿಸಿ ಬಾಯಿ ತೆರೆಯುವಷ್ಟರಲ್ಲಿ ಹೌಸಾಬಾಯಿ ಮುಂದೆ ಬಾಗಿ, ಯಾರಿಗೂ ಕೇಳಿಸಬಾರದೆಂಬಂತೆ, ಮಗುವಿಗಷ್ಟೇ ಹೇಳಿದಳು:

“ತಿನ್ನ ನಮ್ಮವ್ವಾ. ಒಂದ ತಿನ್ನು. ಆಮ್ಯಾಲ ಇಬ್ಬರೂ ಮನಿಗೆ ಹೋಗೂಣು.”

ಓವಿ ಅವಳ ಕಣ್ಣು ನೋಡಿದಳು. ಬಾಯಿ ತೆರೆದಳು. ತುತ್ತು ಒಳಗೆ ಹೋಯಿತು.

ಆಗ ಹೌಸಾಬಾಯಿ ನಕ್ಕಳು. ಪಾಕೀಟಿನ ಮೇಲಿರುವ ಅದೇ ನಗು. ಎಲ್ಲಿ ಅಡಗಿಸಿಟ್ಟುಕೊಂಡಿದ್ದಳೋ, ಸುಕ್ಕುಗಳನ್ನೆಲ್ಲ ಬದಿಗೆ ಸರಿಸಿಕೊಂಡು ಮುಖದ ತುಂಬ ಬಂತು. ಕ್ಯಾಮೆರಾ ಚಟಪಟ ಸದ್ದು ಮಾಡಿತು. “ಸಿಕ್ತು, ಸಿಕ್ತು!” ಎಂದು ಋತುರಾಜ ಕುಣಿದ.

ಅವನ ಮಾತು ಮುಗಿದಿರಲಿಲ್ಲ, ಓವಿ ಕಿಟಾರನೆ ಕಿರುಚಿದಳು. ತುತ್ತು ಉಗುಳಿ ತುಟಿ ಉಜ್ಜಿಕೊಂಡಳು, ಉಜ್ಜಿದ ಕೈಯಿಂದ ಕಣ್ಣು ಉಜ್ಜಿಕೊಂಡಳು. ಬಿಡಿಸಿದ ಮೆಣಸಿನಕಾಯಿಯ ಖಾರವೆಲ್ಲ ಆ ಬೆರಳುಗಳಲ್ಲಿತ್ತು. ತುಪ್ಪದ ಜೊತೆ ಮಗುವಿನ ತುಟಿಗೆ ಮೆತ್ತಿಕೊಂಡಿತ್ತು. ಸ್ವರೂಪಾ ಮಗಳನ್ನು ಎತ್ತಿಕೊಂಡು ನಳದ ಕಡೆ ಓಡಿದಳು.

“ನೀರ ಬ್ಯಾಡ! ತುಟಿಗೆ ತುಪ್ಪಾ ಹಚ್ಚು, ತುಪ್ಪಾ! ಯಾರರ ಬೆಲ್ಲಾ ತರ್ರೋ!” ಎಂದು ಹೌಸಾಬಾಯಿ ಕೂಗುತ್ತಿದ್ದಳು. ಎದ್ದು ನಿಂತಿದ್ದಳು. ಆದರೆ ಹತ್ತಿರ ಬರಲಿಲ್ಲ. ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು, ಬೇರೆ ಯಾರದೋ ಕೈ ಅವಳಿಗೆ ಅಂಟಿಕೊಂಡಿದೆ ಎಂಬ ಹಾಗೆ.

ಓವಿಯ ಉರಿ ಮಧ್ಯಾಹ್ನದೊಳಗೆ ಇಳಿಯಿತು. ಮಜ್ಜಿಗೆ, ಬೆಲ್ಲ, ಐಸ್ಕ್ರೀಮು ಎಲ್ಲ ಗಿಟ್ಟಿಸಿಕೊಂಡು ಸೋಫಾದ ಮೇಲೆ ನಿದ್ದೆ ಹೋದಳು. ಸಂಜೆ ಋತುರಾಜ ಫೋನು ಮಾಡಿದ. “ವಹಿನಿ, ತಪ್ಪಾತು, ನಮಗ ಹೊಳೀಲೇ ಇಲ್ಲ. ಕೂಸು ಆರಾಮ ಐತಲಾ? ಆದ್ರ ಫೋಟೋ ನೋಡ್ರಿ ಒಮ್ಮಿ. ಇಂಥಾ ಫೋಟೋ ಮತ್ತ ಸಿಗೂದಿಲ್ಲ.”

“ನನ್ನ ಮಗಳ ಮಾರಿ ಪಾಕೀಟಿನ ಮ್ಯಾಲ ಬ್ಯಾಡ,” ಎಂದಳು ಸ್ವರೂಪಾ.

“ಅಳೂದು ಬಂದಿಲ್ರೀ, ಅದರಕಿಂತ ಮೊದಲಿನದು.”

“ಮೊದಲಿನದೂ ಬ್ಯಾಡ.”

“ಆತು. ಕೂಸನ್ನ ತೆಗದು ಆಜೀನ್ನಷ್ಟ ಇಡ್ರಿ. ಹಳೇ ಪಾಕೀಟಿನಾಗೂ ಹಂಗ ಐತಲಾ. ಬೋರ್ಡಿಗೆ ನೀವ ಕತ್ತರಿಸಿ ಹೊಂದಿಸಿ ಕೊಡ್ರಿ.”

ಸ್ವರೂಪಾ ಒಲ್ಲೆ ಎನ್ನಲಿಲ್ಲ. ಆಜಿಯ ಚಿತ್ರವೂ ಬೇಡ ಎನ್ನುವ ಮಾತು ಬಾಯಿತನಕ ಬಂದು ನಿಂತಿತು. ಸುಹಾಸ ಆಗಲೇ ಬೋರ್ಡಿಗೆಂದು ಬಟ್ಟೆಯ ಸುರುಳಿ ತರಿಸಿದ್ದ. ಮರುದಿನ ಕಂಪ್ಯೂಟರಿನ ಮುಂದೆ ಕೂತು ಮಗಳನ್ನು ಕತ್ತರಿಸಿ ತೆಗೆದಳು. ಅಂಚಿನಲ್ಲಿ ಜಡೆಯ ತುದಿಯ ಕೆಂಪು ರಿಬ್ಬನ್ನು ಉಳಿದಿತ್ತು, ಅದನ್ನೂ ಅಳಿಸಿದಳು. ಚಾಚಿದ ಕೈ ಉಳಿಯಿತು, ತುತ್ತು ಉಳಿಯಿತು, ನಗು ಉಳಿಯಿತು. ಯಾರಿಗೆಂದು ಗೊತ್ತಾಗದ ತುತ್ತು. ದಿನವೂ ಬೆಳಿಗ್ಗೆ ಅದೇ ಕೈಯನ್ನು ಹಳೆಯ ಪಾಕೀಟಿನ ಮೇಲೆ ನೋಡಿ ನೋಡಿ ರೂಢಿಯಾದ ಅವಳಿಗೆ, ಆ ಕೈಯ ಆಚೆ ಯಾರಿದ್ದರು ಎಂಬ ಯೋಚನೆ ಬಂದದ್ದು ಅದೇ ಮೊದಲು.

ಇತ್ತ ಹೌಸಾಬಾಯಿ ಎರಡು ದಿನವಾದರೂ ಹೊಸ್ತಿಲ ಮೇಲೆ ಕೂರಲಿಲ್ಲ. ಬಾಗಿಲು ಅರ್ಧ ಮುಚ್ಚಿತ್ತು. ಹಾಲಿನವನು ಕೂಗಿ, ಉತ್ತರ ಸಿಗದೆ ಹೋದ. ಮೂರನೆಯ ಸಂಜೆ ಸ್ವರೂಪಾ ಓವಿಯನ್ನು ಕರೆದುಕೊಂಡು ಕೆಳಗಿಳಿದಳು. ಓವಿಯೇ ಹಟ ಹಿಡಿದು ಮನೆಯಿಂದ ಒಂದು ಚಮಚ ತಂದಿದ್ದಳು.

“ಆಜಿ, ಬೆಲ್ಲಾ ಕೊಡು. ಆದ್ರ ಕೈಲೆ ಬ್ಯಾಡ, ಇದರಾಗ ಕೊಡು,” ಎಂದು ಚಮಚ ಮುಂದೆ ಹಿಡಿದಳು.

ಹೌಸಾಬಾಯಿ ಮಗುವಿನ ತುಟಿ ನೋಡಿದಳು. ಮುಟ್ಟಲಿಲ್ಲ. ಡಬ್ಬಿ ತೆಗೆದು ಬೆಲ್ಲವನ್ನು ಚಮಚದಿಂದಲೇ ಕೆರೆದು ಕೊಟ್ಟಳು. ಓವಿ ಅದನ್ನು ನೆಕ್ಕುತ್ತ ಅಂಗಳದ ಬೆಕ್ಕಿನ ಹಿಂದೆ ಹೋದಳು.

“ಶ್ಯಾಣೆ ಅದಾಳ,” ಎಂದಳು ಹೌಸಾಬಾಯಿ. “ನಮ್ಮ ಮಂಗಲಗ ಚಮಚಾ ಇರಲಿಲ್ಲ.”

ಮಂಗಲ ಅವಳ ಮಗಳು, ಇಚಲಕರಂಜಿಗೆ ಕೊಟ್ಟಿದ್ದಾರೆ. ಹಬ್ಬಕ್ಕೆ ಬರುತ್ತಾಳೆ.

“ಆ ಹಳೇ ಫೋಟೋದಾಗಿನ ತುತ್ತು ಮಂಗಲಗೇನು, ಮಾವಶಿ?”

“ಮತ್ತ್ಯಾರಿಗೆ?” ಹೌಸಾಬಾಯಿ ಗೋಡೆಗೆ ಒರಗಿದಳು. “ಮುಂಜಾನಿಂದ ಸಂಜೀಮಟಾ ತೊಟ್ಟ ಬಿಡಸೂದು. ಮನಿಗೆ ಬಂದು ಎಷ್ಟ ತೊಳದ್ರೂ ಕೈ ಉರೀನ. ಕೂಸಿನ ಕಣ್ಣೀರ ಒರಸಿದ್ರ ಇನ್ನಷ್ಟ ಅಳೂದು. ತುತ್ತ ಕೊಟ್ರ ಚೀರೂದು. ನನ್ನ ಕೈ ಕಂಡ್ರ ಸಾಕು, ಹೋಗಿ ಆಜೀ ಸೆರಗಿನಾಗ ಅಡಗಾಕಿ. ನಮ್ಮತ್ತಿ ಉಣಸತಿದ್ಲು, ನಾ ದೂರ ಕುಂತು ನೋಡತಿದ್ದೆ. ಫೋಟೋ ಹೊಡದ ದಿನಾ ಅತ್ತಿಗೆ ಜ್ವರಾ, ಕೂಸನ್ನ ಗಿರಣಿಗೆ ಕರಕೊಂಡ ಹೋಗಿದ್ದೆ. ಪುಣೆದಿಂದ ಯಾರೋ ನಾಟಕದಾಕಿ ಬಂದಿದ್ಲು ಫೋಟೋಕ್ಕ. ಘಾಟಿಗೆ ಸೀನಿ ಸೀನಿ ಗಾಡಿ ಹತ್ತಿ ಹ್ವಾದ್ಲು. ನಾ ಬೇವಿನ ಗಿಡದ ಬುಡಕ ಕುಂತು, ಮೊಣಕೈಮಟಾ ಎಣ್ಣಿ-ಹಿಟ್ಟ ತಿಕ್ಕಿ ತಿಕ್ಕಿ ತೊಳದು, ಕೂಸಿಗೆ ಒಂದ ತುತ್ತ ಹಿಡದ್ಯಾ. ಹಸದಿತ್ತು. ತಗೊಂತು, ಮಗಳ! ನನ್ನ ಕೈಯಾಗಿಂದ ಮೊದಲನೇದು. ನನಗ ನಗು ತಡೀಲಿಲ್ಲ. ‘ಇನ್ನೊಂದು ತುತ್ತು, ನಮ್ಮವ್ವಾ’ ಅಂದ್ಯಾ. ಅಷ್ಟರಾಗ ಫೋಟೋದಾಂವ ಹೊಡದ.”

“ಇನ್ನೊಂದು ತಿಂದ್ಲೇನು?”

“ಎಲ್ಲೀದು. ಉರೀ ಹತ್ತಿ ಹೊಳ್ಳ್ಯಾಡಿ ಅತ್ಲು. ಆಮ್ಯಾಲ ಎಂದೂ ಬಾಯಿ ತಗೀಲಿಲ್ಲ. ಈಗೂ ಹಬ್ಬಕ್ಕ ಬಂದ್ರ ತಾನ ನೀಡಕೊಂಡ ಉಣತಾಳ. ಆಕಿಗೆ ನೆನಪಿಲ್ಲ ಏನಿಲ್ಲ, ರೂಢಿ ಆಗೇತಿ. ದೊಡ್ಡ ಖಟಾವಕರು ಫೋಟೋ ನೋಡಿ, ಹೌಸಾ, ಅವಾಗ ಏನಂದಿ ಅಂದ್ರು. ಹೇಳಿದ್ಯಾ. ‘ನಮ್ಮವ್ವಾ’ ಬ್ಯಾಡ, ಉದ್ದ ಆಗತೈತಿ ಅಂದ್ರು. ಕೂಸೂ ಬ್ಯಾಡ, ಅಳು ಮಾರಿ ಅಂದ್ರು. ಉಳದದ್ದು ಪಾಕೀಟಿಗೆ ಹ್ವಾತು.”

ಅಂಗಳದಲ್ಲಿ ಓವಿ ಬೆಕ್ಕಿಗೆ ಬೆಲ್ಲ ತಿನ್ನಿಸಲು ನೋಡುತ್ತಿದ್ದಳು. ಬೆಕ್ಕು ಮುಖ ತಿರುಗಿಸಿತು.

ಸ್ವರೂಪಾ, “ಹೊಸಾ ಫೋಟೋದಾಗಿಂದ ಓವೀನ್ನ ನಾನೂ ಕತ್ತರಿಸಿದ್ಯಾ, ಮಾವಶಿ. ನಿಮ್ಮನ್ನ ತಗ್ಯಾಕ ನನ್ನ ಕೈಲೆ ಆಗಲಿಲ್ಲ,” ಎಂದಳು. “ನಾಳೆ ಬೋರ್ಡು ಏರತಾವು.”

“ಏರಲಿ. ನಿನ್ನ ಕೂಸನ್ನ ತಗದಿ, ಭೇಷ್ ಆತು. ನನ್ನ ಮಾರಿ ಹಳೇದಾತು, ಅದಕ್ಕ ಬಿಸಲೇನು ಮಳಿಯೇನು.” ಹೌಸಾಬಾಯಿ ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡಳು. ಇನ್ನೂ ಕೆಂಪಗಿತ್ತು. “ಬದಕಿರೂಮಟಾ ಒದರವರ ಬಾಯಿ ಹಿಡಿಯಾಕ ಬರೂದಿಲ್ಲ. ಒಂದ ಕೆಲಸಾ ಹೇಳತೀನಿ, ಮಾಡತೀಯೇನು?”

“ಹೇಳ್ರಿ.”

“ನನ್ನ ಹತ್ತನೇ ದಿನಾ ನೀ ಘಾಟಿಗೆ ಬಾ. ಮಂಗಲ ಅಳಕೋತ ಕುಂತಿರತಾಳ, ಆಕೀ ಕೈಲೆ ಆಗೂದಿಲ್ಲ. ಕಾಗಿ ಲಗೂನ ಬರಲಿಲ್ಲಂದ್ರ ಯಾವನರ ಒಬ್ಬ ಒದರೇ ಒದರತಾನ, ಆ ಮಾತು. ಅವಗ ಒದರಾಕ ಬಿಡಬ್ಯಾಡ. ನೀ ಮುಂದ ಹೋಗಿ, ಮೆಲ್ಲಕ, ಕಾಗಿಗೆ ಕೇಳೂವಷ್ಟ ಅನ್ನು: ‘ಸಾಕು, ನಮ್ಮವ್ವಾ. ಹೊಟ್ಟಿ ತುಂಬೇತಿ. ಏಳಿನ್ನ.’ ಇಷ್ಟ ಅನ್ನು.”